ಒಂದು ಖಾನೆಯ ಕ್ಯಾಬಿನೆಟ್ಟಿನಲ್ಲಿ ಎರಡನೇ ಡಿವಿಡಿ ಡ್ರೈವ್: ನನ್ನ ಅನುಭವ

ಹಾಸನದಲ್ಲಿ ನನ್ನದೊಂದು ಚಿಕ್ಕ ಫೋಟೊ ಸ್ಟುಡಿಯೊ ಇದೆ. ಫಿಲ್ಮ್ ಬಿಟ್ಟು ಡಿಜಿಟಲ್ ಕ್ಯಾಮೆರಾ ಹಿಡಿದ ಮೊದಲ ಹತ್ತು ವರ್ಷಗಳಲ್ಲಿ ತೆಗೆದ ಮದುವೆ, ನಾಮಕರಣ, ಗೃಹಪ್ರವೇಶಗಳ ಚಿತ್ರಗಳೆಲ್ಲ 700 ಎಂ.ಬಿ. ಸಿ.ಡಿ.ಗಳಲ್ಲಿಯೂ 4.7 ಜಿ.ಬಿ. ಡಿ.ವಿ.ಡಿ.ಗಳಲ್ಲಿಯೂ ಬೀರುವಿನಲ್ಲಿ ಉಳಿದಿದ್ದವು. ಅವುಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಲು ಕುಳಿತಾಗ ತಿಳಿದ ಸಂಗತಿಯೆಂದರೆ, ಒಂದು ಡ್ರೈವ್ ಓದಲಾರದೆ ಕೈಬಿಟ್ಟ ಡಿಸ್ಕನ್ನು ಬೇರೊಂದು ಡ್ರೈವ್ ಅನೇಕ ವೇಳೆ ಓದುತ್ತದೆ. ಅಷ್ಟೇ ಅಲ್ಲ, ಎರಡೂ ಎಡವುವ ಜಾಗಗಳು ಬೇರೆಬೇರೆಯಾಗಿರುತ್ತವೆ. ಲಿನಕ್ಸ್‌ನಲ್ಲಿ ಸಿಗುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವು ಓದಲಾಗದೆ ಉಳಿದ ಭಾಗಗಳ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ, ಅದೇ ಡಿಸ್ಕನ್ನು ಎರಡನೇ ಡ್ರೈವಿಗೆ ಹಾಕಿ, ಅದೇ ಪಟ್ಟಿಯನ್ನು ಕೊಟ್ಟು, ಬಿಟ್ಟುಹೋದ ತುಣುಕುಗಳನ್ನಷ್ಟೇ ತುಂಬಿಸಿಕೊಳ್ಳಬಹುದು. ಇದಕ್ಕಾಗಿ ನನಗೆ ಎರಡು ಡ್ರೈವ್‌ಗಳು ಒಟ್ಟಿಗೇ ಬೇಕಾಗಿದ್ದವು.

ಹೊರಗಿನಿಂದ ಯು.ಎಸ್.ಬಿ.ಗೆ ಜೋಡಿಸುವ ಡಿ.ವಿ.ಡಿ. ಡ್ರೈವ್ ಕೊಂಡಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಹಳೆಯ ಕಂಪ್ಯೂಟರಿನಿಂದ ಬಿಚ್ಚಿಟ್ಟಿದ್ದ ಪೂರ್ಣಗಾತ್ರದ ಸಾಟಾ (ಕಂಪ್ಯೂಟರಿನೊಳಗೆ ಡ್ರೈವ್‌ಗಳನ್ನು ಜೋಡಿಸುವ ಒಂದು ಬಗೆಯ ಸಂಪರ್ಕ) ಡಿ.ವಿ.ಡಿ. ರೈಟರ್ ಒಂದು ನನ್ನಲ್ಲಿತ್ತು, ಗೀರು ಬಿದ್ದ ಡಿಸ್ಕುಗಳನ್ನು ಅದು ಓದುವ ರೀತಿಯ ಬಗ್ಗೆ ನನಗೆ ನಂಬಿಕೆಯಿತ್ತು. ಅಂಥ ಡ್ರೈವಿಗೆ 5 ವೋಲ್ಟಿನ ಜೊತೆಗೆ 12 ವೋಲ್ಟೂ ಬೇಕಾಗುವುದರಿಂದ ಬರಿಯ ಯು.ಎಸ್.ಬಿ. ಕೇಬಲ್ಲಿನಿಂದ ಅದನ್ನು ನಡೆಸಲಾಗುವುದಿಲ್ಲ.

ನನ್ನದು ಮೈಕ್ರೊ ಎ.ಟಿ.ಎಕ್ಸ್. ಮಾದರಿಯ, ಎಂದರೆ ಚಿಕ್ಕ ಗಾತ್ರದ ಮದರ್‌ಬೋರ್ಡು ಹಿಡಿಸುವ, ಸಾಧಾರಣ ಕ್ಯಾಬಿನೆಟ್. ಮೇಲೆ 5.25 ಇಂಚಿನ ಒಂದೇ ಖಾನೆ, ಅದರ ಕೆಳಗೆ ಫ್ಲಾಪಿ ಡ್ರೈವಿಗೆಂದು ಬಿಟ್ಟ 3.5 ಇಂಚಿನ ಖಾನೆ, ಅದಕ್ಕೂ ಕೆಳಗೆ ಹಾರ್ಡ್ ಡಿಸ್ಕಿನ ಗೂಡು. ಫ್ಲಾಪಿ ಖಾನೆಯನ್ನು ಹಿಗ್ಗಿಸಿ ಎರಡನೇ ಡ್ರೈವನ್ನು ಅಲ್ಲಿ ಕೂರಿಸುವುದು ನನ್ನ ಯೋಜನೆ. ಕೇಳಲು ಸುಲಭ, ಆದರೆ ಎರಡೂ ಸಾಧನಗಳ ಅಳತೆಗಳಿಗೆ ಬಹಳ ಅಂತರವಿದೆ. ಫ್ಲಾಪಿ ಡ್ರೈವ್ 101.6 ಮಿ.ಮೀ. ಅಗಲ, 25.4 ಮಿ.ಮೀ. ಎತ್ತರ, ಡಿ.ವಿ.ಡಿ. ಡ್ರೈವ್ 146 ಮಿ.ಮೀ. ಅಗಲ, 41.3 ಮಿ.ಮೀ. ಎತ್ತರ. ಅಂದರೆ ಎಡಬಲಕ್ಕೆ ತಲಾ 23 ಮಿ.ಮೀ. ಕತ್ತರಿಸಬೇಕು, ಎತ್ತರಕ್ಕಾಗಿ ಎರಡು ಖಾನೆಗಳ ನಡುವಿನ 12 ಮಿ.ಮೀ. ತಗಡಿನ ಪಟ್ಟಿಯನ್ನು ಪೂರ್ತಿ ತೆಗೆದು, ಕೆಳಗೆ ಇನ್ನೂ 6 ಮಿ.ಮೀ. ಇಳಿಯಬೇಕು. ಪವರ್ ಬಟನ್ನಿನ ಪುಟ್ಟ ಬೋರ್ಡು ಅಲ್ಲಿಂದ 7 ಮಿ.ಮೀ. ಕೆಳಗಿತ್ತು. ಅದು ಇನ್ನೊಂದು ಸೆಂಟಿಮೀಟರ್ ಮೇಲಿದ್ದಿದ್ದರೆ ಈ ಕೆಲಸವನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ.

ಮುಂಭಾಗಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಒಳಗಿನ ಉದ್ದ. ಡ್ರೈವಿನ ಉದ್ದ ಸುಮಾರು 170 ಮಿ.ಮೀ.; ಅದರ ಎದುರಿಗೆ ಹಿಂದಿನಿಂದ ಬರುವ, ವಿದ್ಯುತ್ ಒದಗಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆ 140 ಮಿ.ಮೀ. ನನ್ನ ಕ್ಯಾಬಿನೆಟ್ಟಿನ ಆಳ 350 ಮಿ.ಮೀ. ಉಳಿಯುವ 40 ಮಿ.ಮೀ.ಯಲ್ಲಿಯೇ ಎಸ್.ಎಂ.ಪಿ.ಎಸ್.ನ ವೈರುಗಳ ಕಟ್ಟು, ಎರಡು ಡ್ರೈವ್‌ಗಳ ಕೇಬಲ್‌ಗಳು ಎಲ್ಲವೂ ಹೊಂದಿಕೊಳ್ಳಬೇಕು. ಎಸ್.ಎಂ.ಪಿ.ಎಸ್.ನ ಎತ್ತರ 86 ಮಿ.ಮೀ. ಆದ್ದರಿಂದ ಒಂದರ ಮೇಲೊಂದಿಟ್ಟ ಎರಡು ಡ್ರೈವ್‌ಗಳು ಹೆಚ್ಚುಕಡಿಮೆ ಅದರ ಎತ್ತರದೊಳಗೇ ಅಡಗುತ್ತವೆ. ಆದರೆ ಮೊದಲ ಖಾನೆ ಛಾವಣಿಗೆ ಅಂಟಿಕೊಂಡಿರದೆ ತುಸು ಕೆಳಗಿರುವುದರಿಂದ ಎರಡನೆಯದು ಮದರ್‌ಬೋರ್ಡಿನ ಮಟ್ಟಕ್ಕೆ ಇಳಿಯುತ್ತದೆ. ಆಗ ರ‍್ಯಾಮ್ ಕಡ್ಡಿಯ ಮೇಲ್ತುದಿಗೆ ಅದು ತಾಗಬಾರದು. ಇದನ್ನು ಲೆಕ್ಕದಲ್ಲಿ ನಂಬುವ ಬದಲು ಸಿಹಿತಿಂಡಿಯ ಡಬ್ಬಿಯ ರಟ್ಟನ್ನು ಕತ್ತರಿಸಿ, ಡ್ರೈವಿನ ಅಳತೆಯದೇ ಒಂದು ಪೆಟ್ಟಿಗೆ ಮಾಡಿ, ಒಳಗೆ ಹಿಡಿದು ನೋಡಿದೆ. ನನ್ನ ಬೋರ್ಡು 244 ಮಿ.ಮೀ. ಪೂರ್ಣ ಅಗಲದ್ದಾಗಿರದೆ ಕಿರಿದಾದುದಾಗಿದ್ದ ಕಾರಣ ಒಂದು ಬೆರಳಿನಷ್ಟು ಜಾಗ ಉಳಿಯಿತು. ಪೂರ್ಣ ಅಗಲದ ಬೋರ್ಡು ಇರುವವರು ಈ ರಟ್ಟಿನ ಪರೀಕ್ಷೆ ಮಾಡದೆ ಗರಗಸ ಎತ್ತಿಕೊಳ್ಳಬಾರದು.

ಕತ್ತರಿಸುವ ಮೊದಲು ಮದರ್‌ಬೋರ್ಡು, ಎಸ್.ಎಂ.ಪಿ.ಎಸ್., ಫ್ಯಾನ್, ಮುಂಭಾಗದ ಯು.ಎಸ್.ಬಿ. ವೈರುಗಳ ಸಮೇತ ಎಲ್ಲವನ್ನೂ ಹೊರತೆಗೆದೆ. ಬೋರ್ಡಿನ ಮೇಲೆ ಬಟ್ಟೆ ಹೊದಿಸಿ ಕೆಲಸ ಮಾಡಬಹುದೆಂದು ಹೇಳುವವರಿದ್ದಾರೆ. ಕೂದಲಿನಷ್ಟು ಸಣ್ಣ ಉಕ್ಕಿನ ಚೂರೊಂದು ಪ್ರೊಸೆಸರ್ ಸಾಕೆಟ್ಟಿನೊಳಗೆ ಬಿದ್ದರೆ ಆಗುವ ನಷ್ಟದ ಮುಂದೆ ಎರಡು ಗಂಟೆಯ ಬಿಚ್ಚುವಿಕೆ ದೊಡ್ಡದೇನಲ್ಲ.

ಫ್ಲಾಪಿ ಗೂಡನ್ನು ಹಿಡಿದಿದ್ದ ರಿವೆಟ್‌ಗಳ ತಲೆಯನ್ನು ಡ್ರಿಲ್ಲಿನಿಂದ ಕೊರೆದು ಅದನ್ನು ಕಳಚಿದೆ. ಬಳಿಕ ಮುಂಭಾಗದ ತಗಡಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗೆರೆ ಎಳೆದೆ. ಗೆರೆ ಸ್ಪಷ್ಟವಾಗಿ ಕಾಣುವುದಲ್ಲದೆ ಬ್ಲೇಡ್ ಜಾರಿದಾಗ ಬಣ್ಣವೂ ಉಳಿಯುತ್ತದೆ. ಪಕ್ಕದ ಗ್ರಿಲ್ ಅಂಗಡಿಯವರು, "ಕೊಡಿ ಸಾರ್, ಗ್ರೈಂಡರ್ ಹಿಡಿದ್ರೆ ಎರಡು ನಿಮಿಷದ ಕೆಲಸ" ಎಂದರು. ಅವರ ಕೈಚಳಕದ ಬಗ್ಗೆ ನನಗೆ ಸಂಶಯವಿರಲಿಲ್ಲ, ಆದರೆ ಇಷ್ಟು ತೆಳುವಾದ ತಗಡು ಗ್ರೈಂಡರಿನ ಬಿಸಿಗೆ ಸೊಟ್ಟಗಾಗುತ್ತದೆ, ಕಿಡಿಗಳು ಸುತ್ತಲಿನ ಬಣ್ಣವನ್ನು ಸುಡುತ್ತವೆ. ಹಾಗಾಗಿ ಮೂಲೆಗಳಲ್ಲಿ ಸೆಂಟರ್ ಪಂಚ್‌ನಿಂದ ಗುರುತು ಹೊಡೆದು, ತೂತು ಕೊರೆದು, ಇಂಚಿಗೆ 32 ಹಲ್ಲಿರುವ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಕೈಯಲ್ಲಿ ಹಿಡಿದೇ ಕೊಯ್ದೆ. ನನ್ನ ಕ್ಯಾಬಿನೆಟ್ಟಿನ ತಗಡು 0.6 ಮಿ.ಮೀ. ದಪ್ಪ. ಅಷ್ಟು ಸಣ್ಣ ಹಲ್ಲಿನ ಬ್ಲೇಡಿನಲ್ಲಿಯೂ ಹಲ್ಲು ಹಲ್ಲುಗಳ ನಡುವಿನ ಅಂತರ ಈ ದಪ್ಪಕ್ಕಿಂತ ಹೆಚ್ಚಾದುದರಿಂದ ಬ್ಲೇಡ್ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಹಿಂದುಗಡೆ ಪ್ಲೈವುಡ್ ತುಂಡೊಂದನ್ನು ಕ್ಲ್ಯಾಂಪ್ ಮಾಡಿ, ತಗಡನ್ನೂ ಮರವನ್ನೂ ಒಟ್ಟಿಗೆ ಕೊಯ್ಯತೊಡಗಿದ ಮೇಲೆ ಅದರ ಓಟ ಸಲೀಸಾಯಿತು. ಗೆರೆಯಿಂದ ಒಂದು ಮಿ.ಮೀ. ಒಳಗೇ ಕೊಯ್ದು, ಉಳಿದುದನ್ನು ಚಪ್ಪಟೆ ಅರದಿಂದ ಉಜ್ಜಿ ತೆಗೆದೆ. ಅಂಚಿಗೆ ರಬ್ಬರ್ ಬೀಡಿಂಗ್ ಹಾಕುವ ಮುನ್ನವೇ ಅದರ ಮೇಲೆ ಕೈಯಾಡಿಸಿ, ಹೆಬ್ಬೆರಳನ್ನು ಕೊಯ್ದುಕೊಂಡದ್ದೂ ಆಯಿತು.

ಹೊರಗಿನ ಪ್ಲಾಸ್ಟಿಕ್ ಮುಖವಾಡವನ್ನು ಕತ್ತರಿಸಲು ವೇಗವಾಗಿ ತಿರುಗುವ ಉಪಕರಣ ಬೇಡ. ಪ್ಲಾಸ್ಟಿಕ್ ಬಿಸಿಯಾಗಿ ಕರಗಿ, ಕತ್ತರಿಸಿದ ಜಾಗ ಹಿಂದಿನಿಂದಲೇ ಮತ್ತೆ ಬೆಸೆದುಕೊಳ್ಳುತ್ತದೆ. ಅದೇ ಬ್ಲೇಡನ್ನು ನಿಧಾನವಾಗಿ ಆಡಿಸಿದರೆ ಸಾಕು.

ಡ್ರೈವ್ ಕೂರಲು ಬೇಕಾದ ಹಳಿಗಳಿಗೆ ಕಿಟಕಿ ಮಾಡುವ ಅಂಗಡಿಯಿಂದ ಅಲ್ಯೂಮಿನಿಯಂ ಎಲ್ ಆ್ಯಂಗಲ್‌ನ ಎರಡು ತುಂಡು ತಂದೆ. ಡ್ರೈವಿನ ಪಕ್ಕೆಗೆ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದರೆ ಸ್ಕ್ರೂ ತೂತುಗಳ ಅಚ್ಚು ಮೂಡುತ್ತದೆ. ಆ ಕಾಗದವನ್ನೇ ಆ್ಯಂಗಲ್ಲಿಗೆ ಅಂಟಿಸಿ ಕೊರೆದೆ. ಡಿ.ವಿ.ಡಿ. ಡ್ರೈವಿಗೆ ಬೇಕಾದದ್ದು ಎಂ3 ಅಳತೆಯ, 5 ಮಿ.ಮೀ. ಉದ್ದದ ಸಣ್ಣ ಥ್ರೆಡ್ಡಿನ ಸ್ಕ್ರೂ. ಹಾರ್ಡ್ ಡಿಸ್ಕಿನ ದಪ್ಪ ಥ್ರೆಡ್ಡಿನ ಸ್ಕ್ರೂ ನೋಡಲು ಅದರಂತೆಯೇ ಇದ್ದರೂ ತಿರುಗಿಸಿದರೆ ಡ್ರೈವಿನ ತೂತನ್ನು ಕೆಡಿಸುತ್ತದೆ.

ನಾನು ಎಡವಿದ್ದು ಇಲ್ಲಿಯೇ. ಡ್ರೈವಿನ ಮುಖ ತಗಡಿನ ಮಟ್ಟಕ್ಕೆ ಸರಿಯಾಗಿ ನಿಲ್ಲುವಂತೆ ಆ್ಯಂಗಲ್ಲುಗಳನ್ನು ರಿವೆಟ್ ಹೊಡೆದೆ. ಆ ತಗಡಿನ ಮುಂದೆ ಪ್ಲಾಸ್ಟಿಕ್ ಮುಖವಾಡ ಇನ್ನೂ 8 ಮಿ.ಮೀ. ಚಾಚಿಕೊಳ್ಳುತ್ತದೆಂಬುದು ಮರೆತೇಹೋಗಿತ್ತು. ಎಲ್ಲವನ್ನೂ ಜೋಡಿಸಿ ಬಟನ್ ಒತ್ತಲು ಹೋದರೆ ಬೆರಳು ಗುಂಡಿಯೊಳಗೆ ಇಳಿದಂತೆ ಇಳಿಯಿತು. ಟ್ರೇ ಹೊರಬರುತ್ತ ಪ್ಲಾಸ್ಟಿಕ್ಕಿನ ಅಂಚಿಗೆ ತಾಗಿ, ಏನೋ ಅಡ್ಡವಿದೆಯೆಂದು ಬಗೆದು, ತಾನಾಗಿಯೇ ಒಳಗೆ ಸೇರಿಕೊಂಡಿತು. ಮತ್ತೆ ಎಲ್ಲ ಬಿಚ್ಚಿ, ಆ್ಯಂಗಲ್ಲಿನಲ್ಲಿ 8 ಮಿ.ಮೀ. ಮುಂದಕ್ಕೆ ಹೊಸ ತೂತುಗಳನ್ನು ಕೊರೆದು, ಈ ಬಾರಿ ಅವುಗಳನ್ನು ದುಂಡು ಅರದಿಂದ ಉದ್ದಕ್ಕೆ ಹಿಗ್ಗಿಸಿದೆ. ಈಗ ಡ್ರೈವನ್ನು ಕೊಂಚ ಹಿಂದೆಮುಂದೆ ಸರಿಸಿ, ಮೇಲಿನ ಡ್ರೈವಿನ ಮುಖಕ್ಕೆ ಸರಿಹೊಂದಿಸಿ ಬಿಗಿಯಬಹುದು. ಮೊದಲೇ ಮುಖವಾಡ ಹಾಕಿಕೊಂಡು ಅಳೆದಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಬೋರ್ಡನ್ನು ಮರಳಿ ಕೂರಿಸುವ ಮುನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಮೂಲೆಮೂಲೆಗಳಲ್ಲಿ ಓಡಾಡಿಸಿದೆ. ಕವರನ್ನು ಒಳಮೈ ಹೊರಗಾಗುವಂತೆ ಕಳಚಿದರೆ ಅಂಟಿದ ಚೂರುಗಳು ಅದರೊಳಗೇ ಉಳಿಯುತ್ತವೆ. ಅಲ್ಯೂಮಿನಿಯಂ ಪುಡಿ ಅಯಸ್ಕಾಂತಕ್ಕೆ ಬರುವುದಿಲ್ಲ, ಅದಕ್ಕೆ ಕುಂಚ ಬೇಕು. ಎಸ್.ಎಂ.ಪಿ.ಎಸ್.ನಲ್ಲಿ ಸಾಟಾ ಕನೆಕ್ಟರ್ ಉಳಿದಿರಲಿಲ್ಲವಾದ್ದರಿಂದ ಹಳೆಯ ನಾಲ್ಕು ಪಿನ್ನಿನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಬೇಕಾಯಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುವ, ಪ್ಲಾಸ್ಟಿಕ್ಕನ್ನು ವೈರಿನ ಸುತ್ತ ಎರಕ ಹೊಯ್ದ ಬಗೆಯನ್ನು ಬಿಟ್ಟು, ಒಂದೊಂದು ವೈರನ್ನೂ ಪ್ರತ್ಯೇಕವಾಗಿ ಕಚ್ಚಿಸಿದ ಬಗೆಯನ್ನು ಹುಡುಕಿ ತಂದೆ. ಎರಕದ ಕನೆಕ್ಟರುಗಳೊಳಗೆ ವೈರುಗಳು ಒಂದಕ್ಕೊಂದು ತಾಗಿ ಸುಟ್ಟುಹೋದ ಉದಾಹರಣೆಗಳು ಸಾಕಷ್ಟಿವೆ.

ಮೊದಲು ಹಾಕಿದ್ದು 2006ರ ಒಂದು ಮದುವೆಯ ಸಿ.ಡಿ. ಮೇಲಿನ ಡ್ರೈವ್ ಧಾರೆಯ ಹೊತ್ತಿನ ಚಿತ್ರಗಳಿದ್ದ ಭಾಗದಲ್ಲಿಯೇ ತಡವರಿಸಿ, ಬಹಳಷ್ಟು ತುಣುಕುಗಳನ್ನು ಬಿಟ್ಟುಕೊಟ್ಟಿತು. ಅದೇ ಪಟ್ಟಿಯನ್ನು ಹಿಡಿದು ಕೆಳಗಿನ ಡ್ರೈವ್ ಅವುಗಳಲ್ಲಿ ಹೆಚ್ಚಿನವನ್ನು ಹೆಕ್ಕಿತು. ಉಳಿದ ಎರಡು ಚಿತ್ರಗಳ ಕೆಳಗಿನ ಅರ್ಧ ಇಂದಿಗೂ ಬೂದುಬಣ್ಣವಾಗಿಯೇ ಇದೆ. ಮುಖವಾಡದ ಎಡಗಡೆ ಅರ ಜಾರಿ ಬಿದ್ದ ಎರಡು ಮಿ.ಮೀ. ಸಂದಿಗೆ ಸದ್ಯ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿದ್ದೇನೆ.