ಕಪ್ಪು ಕ್ಯಾನ್ವಾಸಿನ ಮೇಲೆ ಗೀಚಿದ ಸ್ವರಗಳು

ಮಳೆಯಲ್ಲಿ ನೆನೆದ ಕಾಡಿನ ಡಿಜಿಟಲ್ ಚಿತ್ರವೊಂದನ್ನು ಮೂರು ವಾರ ಕುಳಿತು ಬಿಡಿಸಿದ್ದೆ. ಚಿತ್ರವನ್ನೇ ಧ್ವನಿಯಾಗಿ ನುಡಿಸುವ ಸಾಫ್ಟ್‌ವೇರ್ ಇದೆಯೆಂದು ತಿಳಿದಾಗ ಮೊದಲು ತೆರೆದದ್ದು ಇದನ್ನೇ. ಎಲೆಗಳ ಮರ್ಮರ ಕೇಳೀತೆಂದು ಕಾದಿದ್ದವನಿಗೆ ಕೇಳಿದ್ದು, ನಿಲಯ ಸಿಗದ ರೇಡಿಯೊದಂಥ ಒಂದೇ ಸಮನೆಯ ಭೋರೆಂಬ ಗದ್ದಲ.

ಕಾರಣ ಸರಳವಾಗಿತ್ತು. ಇಂಥ ಸಾಫ್ಟ್‌ವೇರ್ ಚಿತ್ರವನ್ನು ಎಡದಿಂದ ಬಲಕ್ಕೆ ಕಾಲವಾಗಿ, ಕೆಳಗಿನಿಂದ ಮೇಲಕ್ಕೆ ಸ್ವರದ ಏರಿಕೆಯಾಗಿ, ಬೆಳಕನ್ನು ಧ್ವನಿಯ ಜೋರಾಗಿ ಓದುತ್ತದೆ. ನನ್ನ ಚಿತ್ರದಲ್ಲಿ ಖಾಲಿ ಜಾಗವೇ ಇರಲಿಲ್ಲ. ಅಂದರೆ ಎಲ್ಲ ಸ್ವರಗಳೂ ಎಲ್ಲ ಹೊತ್ತೂ ಒಟ್ಟಿಗೆ ನುಡಿಯುತ್ತಿದ್ದವು. ಮೇಲ್ಭಾಗದ ಬೆಳ್ಳನೆಯ ಆಕಾಶವಂತೂ ಕಿವಿ ಇರಿಯುವ ತಾರದ ಸದ್ದುಗಳ ರಾಶಿಯಾಗಿತ್ತು. ಕಣ್ಣಿಗೆ ಸಮೃದ್ಧಿಯಾಗಿ ಕಾಣುವುದು ಕಿವಿಗೆ ಗಲಭೆ.

ದಾರಿ ತೋರಿಸಿದ್ದು ಒಂದು ಹಳೆಯ ಯಂತ್ರ. ರಷ್ಯಾದ ಎಂಜಿನಿಯರ್ ಯೆವ್ಗೆನಿ ಮುರ್ಜಿನ್ ರೂಪಿಸಿದ ಎಎನ್‌ಎಸ್ ಸಿಂಥಸೈಜರ್ 1950ರ ದಶಕದ ಕೊನೆಗೆ ಸಿದ್ಧವಾಯಿತು. ಸಂಗೀತಗಾರ ಅಲೆಕ್ಸಾಂಡರ್ ನಿಕೊಲಾಯೆವಿಚ್ ಸ್ಕ್ರಿಯಾಬಿನ್ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಗಾಜಿನ ಹಲಗೆಗೆ ಒಣಗದ ಕಪ್ಪು ಲೇಪ ಬಳಿದು, ಸ್ವರ ಬೇಕಾದ ಕಡೆ ಮಾತ್ರ ಕೆರೆಯಬೇಕು. ಕೆರೆದಲ್ಲಿ ಬೆಳಕು ಹಾಯುತ್ತದೆ, ಬೆಳಕು ಹಾಯ್ದಲ್ಲಿ ಸ್ವರ ಹುಟ್ಟುತ್ತದೆ. ಒಂದು ಸ್ಥಾಯಿಗೆ 72ರಂತೆ ಹತ್ತು ಸ್ಥಾಯಿಗಳಿಗೆ ಒಂದೊಂದೇ ಕಂಪನದ 720 ಸ್ವರಗಳು. ಇದರ ಕಂಪ್ಯೂಟರ್ ರೂಪವಾದ ವರ್ಚುವಲ್ ಎಎನ್‌ಎಸ್ ತೆರೆದು ಮೊದಲ ದಿನ ನಾನು ಮಾಡಿದ್ದು ಇಷ್ಟೇ: ಪೂರ್ತಿ ಕಪ್ಪು ಕ್ಯಾನ್ವಾಸಿನ ಮೇಲೆ ಒಂದು ಕೂದಲೆಳೆಯಂಥ ಬಿಳಿ ಗೆರೆ. ಒಂದೇ ಸ್ವರ, ಕೊಳಲಿಗಿಂತ ತೆಳ್ಳಗೆ. ಅದನ್ನು ಎಷ್ಟು ಸಲ ಕೇಳಿದೆನೋ.

ಆದರೆ ಒಂಟಿ ಗೆರೆಗೆ ಮೈದುಂಬಿದ ನಾದವಿರುವುದಿಲ್ಲ. ತಂತಿಯಾಗಲಿ ಕಂಠವಾಗಲಿ ನುಡಿದಾಗ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಹಾರ್ಮೋನಿಕ್‌ಗಳೂ ಜೊತೆಗೇ ಮಿಡಿಯುತ್ತವೆ: 110 ಹರ್ಟ್ಜ್‌ನೊಂದಿಗೆ 220, 330, 440 ಹೀಗೆ. ಕ್ಯಾನ್ವಾಸಿನಲ್ಲಿ ಇವು ಸಮಾನ ಅಂತರದಲ್ಲಿ ಕೂರುವುದಿಲ್ಲ. ಏಕೆಂದರೆ ಪ್ರತಿ ಸ್ಥಾಯಿಗೂ ಒಂದೇ ಎತ್ತರ ಕೊಟ್ಟಿರುತ್ತದೆ. ಒಂದು ಸ್ಥಾಯಿಗೆ 72 ಪಿಕ್ಸೆಲ್ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಮೂಲದಿಂದ ಮೇಲಕ್ಕೆ ಅಂತರಗಳು 72, 42, 30, 23, 19, 16, 14. ಈ ಅಳತೆಯಲ್ಲಿ ಎಂಟು ಗೆರೆಗಳನ್ನಿಟ್ಟು, ಮೇಲೇರಿದಂತೆ ಮಬ್ಬಾಗಿಸಿ, ಅದನ್ನೇ ಒಂದು ಕುಂಚವಾಗಿ ಉಳಿಸಿಕೊಂಡೆ. ಅಂದಿನಿಂದ ನಾನು ಎಳೆದ ಪ್ರತಿ ಗೆರೆಯೂ ಒಂದು ವಾದ್ಯವಾಯಿತು. ಎರಡನೆಯ, ನಾಲ್ಕನೆಯ ಹೀಗೆ ಸಮಸಂಖ್ಯೆಯ ಗೆರೆಗಳನ್ನು ಅಳಿಸಿದರೆ ನಾದ ಟೊಳ್ಳಾಗಿ, ಮರದ ಕೊಳವೆಯೊಳಗಿನಿಂದ ಬಂದಂತೆ ಕೇಳುತ್ತದೆ. 220 ಮತ್ತು 222 ಹರ್ಟ್ಜ್‌ಗಳನ್ನು ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಸಲ ಉಬ್ಬಿಳಿಯುವ ಮಿಡಿತ ಏಳುತ್ತದೆ. 72ರ ಜಾಲರಿಯಲ್ಲಿ ಸರಿಯಾಗಿ 222ಕ್ಕೆ ಗೆರೆ ಸಿಗದ್ದರಿಂದ ಅದನ್ನು ಬೇರೆಯಾಗಿ, ಧ್ವನಿ ರೂಪಿಸುವ ಪ್ಯೂರ್ ಡೇಟಾ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿ ಸೇರಿಸಿದೆ.

ಕುಂಚದ ಅಂಚೂ ಮುಖ್ಯ. ಗೆರೆ ಚೂಪಾಗಿ ಶುರುವಾದರೆ ಟಕ್ಕೆಂಬ ಸದ್ದು ಬರುತ್ತದೆ. ಎಡ ಅಂಚನ್ನು ತುಸು ಮೃದುಗೊಳಿಸಿದರೆ ಅದು ಮಾಯ. ಬಣ್ಣ ಕಲಸುವ ಸಾಧನದಿಂದ ಗೆರೆಯನ್ನು ಬಲಕ್ಕೆ ಮಾತ್ರ ಒರೆಸಿದರೆ ನಾದ ದೊಡ್ಡ ಹಜಾರದಲ್ಲಿ ಅನುರಣಿಸಿದಂತೆ ನಿಧಾನವಾಗಿ ಕರಗುತ್ತದೆ. ಗಮಕಕ್ಕೆ ಮಾತ್ರ ಯಾವ ಗಣಿತವನ್ನೂ ನಂಬಲಿಲ್ಲ. ಸೂತ್ರದಿಂದ ಬರೆಸಿದ ಅಲೆ ಒಂದೇ ಅಚ್ಚಿನಲ್ಲಿ ಅಲುಗಿತು. ಸ್ಟೈಲಸ್ ಹಿಡಿದು ಕೈಯಿಂದ ಎಳೆದದ್ದು ಉಸಿರಾಡಿತು. ನಲವತ್ತಕ್ಕೂ ಹೆಚ್ಚು ಸಲ ಎಳೆದು ಒಂದನ್ನು ಆರಿಸಿಕೊಂಡೆ.

ಇಷ್ಟಾದರೂ ಆ ಕಪ್ಪು ಕ್ಯಾನ್ವಾಸು ನೋಡಲು ಚಿತ್ರವಲ್ಲ, ಸ್ವರಲಿಪಿ. ಹಾಗಾಗಿ ತೋರಿಸುವ ಚಿತ್ರವನ್ನು ಬೇರೆಯಾಗಿಯೇ ಮಾಡಿದೆ. ಧ್ವನಿಯನ್ನು ಪ್ಯೂರ್ ಡೇಟಾದಲ್ಲಿ ಅಳೆದು, ಆ ಅಂಕಿಗಳನ್ನು ಓಎಸ್‌ಸಿ ಎಂಬ ಸಂದೇಶ ಪದ್ಧತಿಯ ಮೂಲಕ, ಕೋಡ್ ಬರೆದು ಚಿತ್ರ ಮೂಡಿಸುವ ಪ್ರೊಸೆಸಿಂಗ್ ಎಂಬ ಸಾಫ್ಟ್‌ವೇರ್‌ಗೆ ಕಳುಹಿಸಿ, ಕಾಡಿನ ಬಣ್ಣಗಳನ್ನು ಅದರಿಂದ ನಡೆಸಿದೆ. ಮೊದಲು ವಾದ್ಯ ಮತ್ತು ಕಂಪ್ಯೂಟರುಗಳ ನಡುವಿನ ಹಳೆಯ ಸಂದೇಶ ಪದ್ಧತಿಯಾದ ಮಿಡಿ (MIDI) ಬಳಸಿದ್ದೆ. ಅದರ ಸಾಮಾನ್ಯ ಸಂದೇಶಗಳಲ್ಲಿ 0ಯಿಂದ 127ರವರೆಗೆ 128 ಮೆಟ್ಟಿಲುಗಳಷ್ಟೇ ಇರುವುದರಿಂದ ನಿಧಾನವಾಗಿ ಕತ್ತಲಾಗುವ ಆಕಾಶದಲ್ಲಿ ಆ ಮೆಟ್ಟಿಲುಗಳೇ ಕಾಣುತ್ತಿದ್ದವು. ಓಎಸ್‌ಸಿ ದಶಮಾಂಶ ಸಂಖ್ಯೆಗಳನ್ನೇ ಒಯ್ಯುವುದರಿಂದ ಕತ್ತಲು ಜಾರಿದಂತೆ ಇಳಿಯಿತು.

ಧ್ವನಿಯ ಜೋರನ್ನು ನೇರವಾಗಿ ಬೆಳಕಿಗೆ ಕಟ್ಟಿದಾಗ ಪರದೆ ಪಟಪಟನೆ ಮಿನುಗಿ ಕಣ್ಣು ನೋಯಿಸಿತು. ಬೆಳಕು ಏರಲು 20 ಮಿಲಿಸೆಕೆಂಡು, ಇಳಿಯಲು 400 ಎಂದು ಇಟ್ಟಮೇಲೆ ಬೆಳಕಿಗೆ ತೂಕ ಬಂತು. ಇನ್ನೊಂದು ತಪ್ಪು ಆಮೇಲೆ ತಿಳಿಯಿತು: ಎಲ್ಲವನ್ನೂ ಎಲ್ಲಕ್ಕೂ ಜೋಡಿಸಿದ್ದೆ. ಪ್ರತಿ ಸದ್ದಿಗೂ ಏನಾದರೊಂದು ಅಲುಗುತ್ತಿದ್ದರೆ ನೋಡುವವರು ಕೇಳುವುದನ್ನು ಬಿಟ್ಟು ಜೋಡಣೆಯನ್ನು ಎಣಿಸತೊಡಗುತ್ತಾರೆ. ಒಂದೊಂದಾಗಿ ಬಿಚ್ಚಿ ಎರಡನ್ನು ಉಳಿಸಿದೆ. ಮಂದ್ರದ ನಾದಕ್ಕೆ ನೆಲದ ಬಣ್ಣ, ಹೊಸ ಸ್ವರ ಹುಟ್ಟಿದ ಕ್ಷಣಕ್ಕೆ ಒಂದು ಮಳೆಗೆರೆ. ಮರಗಳು ತಮ್ಮಷ್ಟಕ್ಕೆ ತಾವಿವೆ.

ಧ್ವನಿ ಮತ್ತು ಚಿತ್ರಗಳ ಹೊಂದಿಕೆಯ ಕಷ್ಟ ಕೊನೆಯವರೆಗೂ ಇತ್ತು. ಪರದೆಯನ್ನು ನೇರವಾಗಿ ರೆಕಾರ್ಡ್ ಮಾಡಿದಾಗ ಫ್ರೇಮ್‌ಗಳು ಅಲ್ಲಲ್ಲಿ ಬಿಟ್ಟುಹೋಗಿ, ಮೂರನೆಯ ನಿಮಿಷದ ಹೊತ್ತಿಗೆ ಮಳೆಗೆರೆಗಳು ಸ್ವರವನ್ನು ತಪ್ಪಿಸಿಕೊಂಡಿದ್ದವು. ಕೊನೆಗೆ ಧ್ವನಿಯನ್ನು ಮೊದಲೇ ಕಡತವಾಗಿಸಿ, ಫ್ರೇಮ್ ಫ್ರೇಮ್ ಆಗಿ ಚಿತ್ರ ತೆಗೆದೆ. ಸೆಕೆಂಡಿಗೆ ಧ್ವನಿಯ 48,000 ಮಾದರಿಗಳು (ಅಳತೆಯ ಅಂಕಿಗಳು), ಚಿತ್ರದ 25 ಫ್ರೇಮ್‌ಗಳು; ಪ್ರತಿ ಫ್ರೇಮಿಗೆ ಸರಿಯಾಗಿ 1,920 ಮಾದರಿಗಳು. ವಿಶ್ಲೇಷಣೆಯ ಕಿಂಡಿ, ಎಂದರೆ ಒಂದು ಸಲಕ್ಕೆ ಅಳೆಯುವ ಧ್ವನಿಯ ತುಣುಕು, 4,096 ಮಾದರಿಗಳದ್ದಾದ್ದರಿಂದ, ಅಂದರೆ ಸುಮಾರು 85 ಮಿಲಿಸೆಕೆಂಡಿನದ್ದಾದ್ದರಿಂದ, ಗೆರೆಗಳು ತಡವಾಗಿ ಬೀಳುತ್ತಿದ್ದವು. ಕಿಂಡಿಯ ನಡುವನ್ನು ಫ್ರೇಮಿನ ಆರಂಭಕ್ಕೆ ತಂದು ಕೂರಿಸಿದಾಗ ಸ್ವರ ಮತ್ತು ಹನಿ ಒಟ್ಟಿಗೆ ಬಿದ್ದವು.

ನಾಲ್ಕು ನಿಮಿಷದ ಆ ಕೃತಿಯ ಕೊನೆಯ ಹನ್ನೊಂದು ಸೆಕೆಂಡು ಕ್ಯಾನ್ವಾಸಿನಲ್ಲಿ ಒಂದೇ ಗೆರೆಯಿದೆ, ಮೊದಲ ದಿನ ಎಳೆದದ್ದೇ. ಕಾಡು ಅಲ್ಲಿ ಪೂರ್ತಿ ಕತ್ತಲಾಗಿರುತ್ತದೆ.