ಪಕ್ಕದ ಕಲ್ಲುಕೋರೆ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದಿದೆಯೇ? ನೀವೇ ಅಳೆಯಿರಿ

ಉಡುಪಿ ಕಡೆಯ ಯಾವುದಾದರೂ ಹಳೆ ಬಾವಿಗೆ ಇಣುಕಿ ನೋಡಿ. ಮೇಲೆ ಸ್ವಲ್ಪ ಕೆಂಪು ಮಣ್ಣು, ಆಮೇಲೆ ತೂತು ತೂತಾದ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಜಿಗುಟಾದ ಶೇಡಿ ಮಣ್ಣು. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ. ಬೇಸಗೆಯಲ್ಲಿ ನಾವು ಸೇದುವುದು ಆ ನೀರನ್ನೇ. ಕೋರೆಯಲ್ಲಿ ಕಡಿಯುವುದೂ ಅದೇ ಕಲ್ಲನ್ನು. ಕೋರೆ ಆ ನೀರಿಗಿಂತ ಕೆಳಗೆ ಇಳಿದರೆ ಬಾವಿಯ ನೀರು ಅತ್ತ ಒಸರುತ್ತದೆ. ಹಾಗಾಗಿ ಕೋರೆ ಎಷ್ಟು ಅಗಲ ಅನ್ನುವುದಕ್ಕಿಂತ ಎಷ್ಟು ಆಳ ಅನ್ನುವುದೇ ದೊಡ್ಡ ಪ್ರಶ್ನೆ.

ಮೊದಲು ನಿಮ್ಮ ಬಾವಿ ಅಳೆಯಿರಿ. ಬೆಳಿಗ್ಗೆ ಪಂಪು ಹಾಕುವ ಮುಂಚೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ. ನೀರು ಮುಟ್ಟಿದಲ್ಲಿಂದ ಕಟ್ಟೆಯ ಅಂಚಿನವರೆಗೆ ಅಳೆದು, ಕಟ್ಟೆಯ ಎತ್ತರ ಕಳೆಯಿರಿ. ದೀಪಾವಳಿ ಕಳೆದ ಮೇಲೆ ಒಮ್ಮೆ, ಮೇ ಕೊನೆಯಲ್ಲಿ ಪತ್ತನಾಜೆಯ ಹೊತ್ತಿಗೆ ಒಮ್ಮೆ ಅಳೆದರೆ ಸಾಕು. ತಿಂಗಳಿಗೊಮ್ಮೆ ಆದರೆ ಇನ್ನೂ ಒಳ್ಳೆಯದು. ತಾರೀಕು ಹಾಕಿ ಪುಸ್ತಕದಲ್ಲಿ ಬರೆದಿಡಿ. ನಾನು ಮೊದಲ ಸಲ ದೂರು ಕೊಟ್ಟಾಗ ‘ಬಾವಿ ಬತ್ತಿದೆ’ ಎಂದಷ್ಟೇ ಬರೆದಿದ್ದೆ. ಯಾರೂ ಬಂದು ನೋಡಲಿಲ್ಲ. ಮರುವರ್ಷ ಅಳತೆಯ ಪಟ್ಟಿ ಅಂಟಿಸಿ ಕೊಟ್ಟೆ, ಸ್ಥಳ ಪರಿಶೀಲನೆಗೆ ಬಂದರು.

ಇನ್ನು ಕೋರೆಯ ಲೆಕ್ಕ. ಬಾವಿಯ ಸುತ್ತಲ ನೆಲಕ್ಕೂ ಕೋರೆಯ ಸುತ್ತಲ ನೆಲಕ್ಕೂ ಎತ್ತರದಲ್ಲಿ ಎಷ್ಟು ವ್ಯತ್ಯಾಸ ಎಂದು ಗೊತ್ತಾಗಬೇಕು. ಗಾರೆಯವರ ಹತ್ತಿರ ನೀರು ತುಂಬಿಸಿ ಮಟ್ಟ ನೋಡುವ ಪೈಪ್ ಇರುತ್ತದಲ್ವಾ, ಅದರಲ್ಲೇ ಹಂತ ಹಂತವಾಗಿ ನೋಡಬಹುದು. ಬಾವಿಯಲ್ಲಿ ನೀರು 30 ಅಡಿ ಕೆಳಗಿದೆ, ಕೋರೆಯ ಜಾಗ ನಿಮ್ಮ ಅಂಗಳಕ್ಕಿಂತ 12 ಅಡಿ ತಗ್ಗಿನಲ್ಲಿದೆ ಅಂದುಕೊಳ್ಳಿ. ಅಲ್ಲಿ ಸುಮಾರು 18 ಅಡಿಗೆ ನೀರು ಸಿಗಬೇಕು. ಕೋರೆ 20 ಅಡಿ ಇಳಿದಿದ್ದರೆ ನೀರಿನ ಮಟ್ಟ ಕಡಿದಂತೆಯೇ. ನೀರಿನ ಮಟ್ಟವೂ ಗುಡ್ಡದ ಇಳಿಜಾರಿನ ಜೊತೆ ವಾಲುತ್ತದೆ. ಹಾಗಾಗಿ ಇದು ಅಂದಾಜು, ಕೋರೆಗೆ ಹತ್ತಿರದ ಬಾವಿ ಆರಿಸಿದಷ್ಟೂ ಸರಿಯಾಗುತ್ತದೆ.

ಲೆಕ್ಕವಿಲ್ಲದೆ ಕಣ್ಣಿಗೇ ಕಾಣುವ ಗುರುತುಗಳೂ ಇವೆ. ಫೆಬ್ರವರಿ, ಮಾರ್ಚಿನಲ್ಲೂ ಕೋರೆಯ ತಳ ಒಸರುತ್ತಿದ್ದರೆ, ಪಂಪು ಇಟ್ಟು ನೀರು ಹೊರಗೆ ಬಿಡುತ್ತಿದ್ದರೆ, ತಳದಲ್ಲಿ ಶೇಡಿ ಕಂಡರೆ ಫೋಟೋ ತೆಗೆಯಿರಿ. ರಸ್ತೆಯಿಂದಲೇ ತೆಗೆಯಿರಿ, ಗುಂಡಿಯ ಅಂಚಿಗೆ ಹೋಗಬೇಡಿ.

ಆಮೇಲೆ ಕಾಗದ. ತುಂಬಾ ಜನ ಸೀದಾ ಪಂಚಾಯತಿಗೆ ಹೋಗಿ ಜಗಳ ಮಾಡುತ್ತಾರೆ. ಆದರೆ ಆಳ ಗೊತ್ತುಮಾಡುವುದು ಪಂಚಾಯತಿ ಅಲ್ಲ. ಮುರಕಲ್ಲು ಉಪಖನಿಜ. 1957ರ ಕೇಂದ್ರ ಗಣಿ ಕಾಯ್ದೆ ಅದರ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ, ಕರ್ನಾಟಕದ ನಿಯಮಗಳು 1994ರವು. ಪರವಾನಗಿಯ ಕಡತ ಇರುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ. ಅಲ್ಲಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ಹಾಗಾಗಿ ಕತೆ ಬರೆಯಬೇಡಿ. ಸರ್ವೆ ನಂಬರ್ ಹಾಕಿ, ಪರವಾನಗಿ, ನಕ್ಷೆ, ಷರತ್ತುಗಳ ಪ್ರತಿ ಕೇಳಿ. ಎಷ್ಟು ಜಾಗ, ಎಷ್ಟು ಆಳ, ಯಾವ ತಾರೀಕಿನವರೆಗೆ ಎಂಬುದನ್ನು ಅದರಲ್ಲಿ ಹುಡುಕಿ.

ಷರತ್ತಿಗೂ ನಿಮ್ಮ ಅಳತೆಗೂ ತಾಳೆಯಾಗದಿದ್ದರೆ ಇಲಾಖೆಯ ಹಿರಿಯ ಭೂವಿಜ್ಞಾನಿಗೆ ದೂರು ಬರೆಯಿರಿ. ಒಂದು ಪ್ರತಿ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ, ಇನ್ನೊಂದು ತಹಶೀಲ್ದಾರರಿಗೆ. ಸ್ವೀಕೃತಿಯ ಸೀಲು ಹಾಕಿಸದೆ ಬರಬೇಡಿ. ನಾಲ್ಕೈದು ಮನೆಯವರು ತಮ್ಮ ತಮ್ಮ ಬಾವಿಯ ಅಳತೆಯೊಂದಿಗೆ ಸಹಿ ಹಾಕಿದರೆ ದೂರಿಗೆ ತೂಕ ಜಾಸ್ತಿ. ಪಂಚಾಯತಿ ಈಗ ಬೇಕು. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಿರ್ಣಯ ಬರೆಸಿ, ಅದರ ಪ್ರತಿಯನ್ನೂ ದೂರಿಗೆ ಸೇರಿಸಿ.

ಕಲ್ಲು ಮುಗಿದ ಗುಂಡಿಯನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಅದು ಕೆರೆಯ ಹಾಗೆ ತುಂಬುತ್ತದೆ, ಮಕ್ಕಳು ಈಜಲು ಇಳಿಯುತ್ತಾರೆ. ಬೇಲಿ ಬೇಕೆಂದು ದೂರಿನಲ್ಲೇ ಕೇಳಿ. ಆ ಗುಂಡಿಗೆ ಕಸ ಸುರಿಯಲು ಮಾತ್ರ ಬಿಡಲೇಬೇಡಿ. ಮಳೆನೀರನ್ನು ಬಾವಿಗೆ ತರುವ ಆ ತೂತುಗಳೇ ಕಸದ ಕೊಳೆನೀರನ್ನೂ ತರುತ್ತವೆ.