ನಾಣ್ಯದ ಆಲ್ಬಮ್ ಕೊಳ್ಳುವ ಮೊದಲು ಹಾಳೆ ಮೂಸಿ ನೋಡಿ

ಆಲ್ಬಮ್ ಕೊಳ್ಳುವಾಗ ಎಲ್ಲರೂ ರಟ್ಟು ನೋಡುತ್ತಾರೆ, ಎಷ್ಟು ನಾಣ್ಯ ಹಿಡಿಯುತ್ತದೆ ಎಂದು ಕೇಳುತ್ತಾರೆ. ನಾನು ಮೊದಲು ಪ್ಲಾಸ್ಟಿಕ್ ಹಾಳೆಯನ್ನು ಮಡಚುತ್ತೇನೆ, ಆಮೇಲೆ ಮೂಸುತ್ತೇನೆ. ಅಂಗಡಿಯವರು ನಗುತ್ತಾರೆ. ನಗಲಿ ಬಿಡಿ.

ಹಾಳೆ ಮೆತ್ತಗೆ ಬಾಗಿ, ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಹೆಚ್ಚಾಗಿ ಪಿವಿಸಿ. ಮೆತ್ತಗಾಗಲೆಂದು ಅದಕ್ಕೆ ಬೆರೆಸಿದ ಎಣ್ಣೆಯಂಥ ರಾಸಾಯನಿಕ ನಿಧಾನಕ್ಕೆ ಹೊರಗೆ ಜಿನುಗುತ್ತದೆ. ಪ್ಲಾಸ್ಟಿಕ್ ಹಳತಾದಂತೆ ಆಮ್ಲವೂ ಬಿಡುತ್ತದೆ. ತಾಮ್ರ, ಬೆಳ್ಳಿ ಎರಡಕ್ಕೂ ಇದು ಕೆಟ್ಟದ್ದು. ನಮ್ಮ ಕುಂದಾಪುರದ ಕಡೆ ಸೆಕೆ, ತೇವ ಬೇರೆ ಜಾಸ್ತಿ ಅಲ್ವಾ, ಹಾಳಾಗುವುದು ಇನ್ನೂ ಬೇಗ. ನನ್ನ ಭಾವನ ಆಲ್ಬಮ್‌ನಿಂದ ಐದನೇ ಜಾರ್ಜ್‌ನ ಕಾಲಾಣೆ ತೆಗೆಯಲು ಹೋದರೆ ಹಾಳೆ ಪರ್ ಎಂದು ಬಿಟ್ಟುಕೊಂಡಿತು. ರಾಜನ ಗಡ್ಡದ ಸಂದಿಯಲ್ಲೆಲ್ಲ ಹಸಿರು ಜಿಗುಟು. ಬೆರಳಿಗೂ ಅಂಟಿತು.

ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ. ಹಾಳೆಯ ಮೂಲೆಯಿಂದ ಚೂರು ಕತ್ತರಿಸಿ. ಹೊದಿಕೆ ಪೂರ್ತಿ ಸುಲಿದ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ, ಚೂರಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಹೆಚ್ಚಾಗಿ ಪಿವಿಸಿಯೇ, ಆ ಆಲ್ಬಮ್ ಬೇಡ. ಕಿಟಕಿ ತೆರೆದಿರಲಿ, ಹೊಗೆ ಒಳ್ಳೆಯದಲ್ಲ.

ಹಾಗಾದರೆ ಯಾವುದು ಬೇಕು? ಮೈಲಾರ್ ಎಂದು ಮಾರುವ ಪಾಲಿಎಸ್ಟರ್ ಹಾಳೆ ಬಿರುಸಾಗಿ ಗರಗರ ಎನ್ನುತ್ತದೆ, ಅದು ಸರಿ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಕೂಡ ಆಗುತ್ತವೆ. ನಾನು ಜಾಸ್ತಿ ಬಳಸುವುದು ನಾಣ್ಯ ಕಾಣಲೆಂದು ನಡುವೆ ದುಂಡನೆಯ ಮೈಲಾರ್ ಕಿಟಕಿ ಇರುವ, ಮಡಚುವ ರಟ್ಟಿನ ಹೋಲ್ಡರ್. ಎರಡಿಂಚು ಚೌಕ, ಅಗ್ಗ. ಕಿಟಕಿಯ ಅಳತೆ ನೋಡಿ ಕೊಳ್ಳಿ: ಕಾಲಾಣೆ ಸುಮಾರು 25 ಮಿಲಿಮೀಟರ್, ವಿಕ್ಟೋರಿಯಾ ಬೆಳ್ಳಿ ರೂಪಾಯಿ 30ಕ್ಕಿಂತ ತುಸು ಹೆಚ್ಚು. ರಟ್ಟು ಮಡಚಿ ಮೂರು ಕಡೆ ಸ್ಟೇಪ್ಲರ್ ಪಿನ್ ಹೊಡೆದ ಮೇಲೆ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ. ಇಲ್ಲದಿದ್ದರೆ ಪಕ್ಕದ ಹೋಲ್ಡರಿನ ನಾಣ್ಯಕ್ಕೆ ಗೀರು ಬೀಳುತ್ತದೆ. ನಾಣ್ಯ ತೆಗೆಯುವಾಗಲೂ ಮೊದಲು ಪಿನ್ ಕಿತ್ತೇ ತೆಗೆಯಿರಿ.

ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ಎಲ್ಲಕ್ಕಿಂತ ಚೆಂದ, ಬೆಲೆಯೂ ಹಾಗೇ. ಒಳ್ಳೆಯ ಬೆಳ್ಳಿ ನಾಣ್ಯಗಳಿಗೆ ಮಾತ್ರ ಇದ್ದರೆ ಸಾಕು. ಅಲ್ಯೂಮಿನಿಯಂ ಪೈಸೆಗಳಿಗೆಲ್ಲ ಸುಮ್ನೆ ದುಡ್ಡು ಸುರಿಯಬೇಡಿ.

ರಬ್ಬರ್ ಬ್ಯಾಂಡ್ ಬೇಡವೇ ಬೇಡ. ಅದರಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ನ್ಯೂಸ್‌ಪೇಪರ್, ಉಣ್ಣೆ ಬಟ್ಟೆಯೂ ದೂರವಿರಲಿ. ಮರದ ಪೆಟ್ಟಿಗೆಗಿಂತ ಸ್ಟೀಲ್ ಬೀರು ವಾಸಿ, ಮರ ಕೂಡ ಆಮ್ಲದ ಆವಿ ಬಿಡುತ್ತದೆ. ಹೋಲ್ಡರುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವ ಜಾತಿಯದು ಸಿಕ್ಕರೆ ಯಾವಾಗ ಬದಲಿಸಬೇಕು ಎಂದು ಅದೇ ಹೇಳುತ್ತದೆ.

ಆಗಲೇ ಹಸಿರು ಕಟ್ಟಿದ್ದರೆ? ಶುದ್ಧ ಅಸಿಟೋನಿನಲ್ಲಿ, ಗಾಜಿನ ಬಟ್ಟಲಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ. ಒಲೆ, ದೀಪ ಹತ್ತಿರ ಇರಬಾರದು, ಥಟ್ಟನೆ ಹೊತ್ತಿಕೊಳ್ಳುತ್ತದೆ. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ತಿಕ್ಕಬೇಡಿ. ಜಿಗುಟು ಹೋಗುತ್ತದೆ, ಆದರೆ ಆಮ್ಲ ತಿಂದ ಜಾಗ ತಿರುಗಿ ಬರುವುದಿಲ್ಲ. ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಬೆಳಗಿದರಂತೂ ನಾಣ್ಯದ ಬೆಲೆ ಅಲ್ಲಿಗೇ ಮುಗಿಯಿತು.

ಇನ್ನು ದೀಪಾವಳಿಗೆ ಲಕ್ಷ್ಮೀಪೂಜೆಯ ತಟ್ಟೆಗೆ ಹೋಗುವ ಬೆಳ್ಳಿ ರೂಪಾಯಿಗಳು. ಹಾಲು, ಕುಂಕುಮ, ಅರಿಶಿನ ಎಲ್ಲ ಆಗುತ್ತದೆ. ಅಮ್ಮನ ಹತ್ತಿರ ಜಗಳಕ್ಕೆ ಹೋಗಬೇಡಿ. ಸವೆದ ಎರಡು ಮೂರು ರೂಪಾಯಿಗಳನ್ನು ಪೂಜೆಗೆಂದೇ ಕೊಟ್ಟುಬಿಡಿ, ಉಳಿದವನ್ನು ಡಬ್ಬಿಯಿಂದ ತೆಗೆಯಬೇಡಿ.